ಎರಡು ಮಣಿ ನೋಡಿ ಕೊಟ್ಟ ತೀರ್ಪು

 

ಇವತ್ತಿನ ಚಿಂತನೆ ಎಂದಿಗಿಂತ ಉದ್ದವಿದೆ. ಚಹಾ ಮುಗಿಯುವುದರೊಳಗೆ ಓದಿ ಮುಗಿಯಲಿಕ್ಕಿಲ್ಲ, ಬಿಡುವಾದಾಗ ಓದಿರಿ.

ಹೋದ ತಿಂಗಳು ನಮ್ಮ ಬಳಗ ಕೊಪ್ಪಳಕ್ಕೆ ಹೋಗಿ ಗವಿಮಠದ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳನ್ನು ನೋಡಿಕೊಂಡು ಬಂತಲ್ಲ, ಅವತ್ತು ಪಾಲ್ಕಿಗುಂಡು ಇಳಿಯುವಾಗ ನಮ್ಮಲ್ಲೊಬ್ಬ ಹಿರಿಯರು ನನ್ನನ್ನು ಸ್ವಲ್ಪ ಹಿಂದೆ ನಿಲ್ಲಿಸಿಕೊಂಡರು. “ತಪ್ಪು ತಿಳಕೋಬ್ಯಾಡ್ರಿ ಸರ, ಒಂದು ಮಾತು ಕೇಳತೀನಿ. ಸ್ಕಿಜೋಫ್ರೇನಿಯಾ ಇದ್ದೋರ ಮನಿಯಾಗ, ಜಡ್ಡು ಇಲ್ಲದ ಅಣ್ಣತಮ್ಮರು, ಅಕ್ಕತಂಗ್ಯಾರು ವಿಚಾರ ಮಾಡೋ ರೀತಿನೂ ಒಂದೀಟು ಬ್ಯಾರೆ ಇರತೈತಂತ. ಖರೇನ್ರಿ?” ಮೊಮ್ಮಗನಿಗೆ ನೋಡಿದ ಹುಡುಗಿಯ ಅಣ್ಣನಿಗೆ ಆ ಕಾಯಿಲೆ ಇದೆಯೆಂದು ಆಮೇಲೆ ಹೇಳಿದರು. ಹುಡುಗಿ ಬಿ.ಎಡ್. ಮುಗಿಸಿದ್ದಾಳೆ, ಎರಡೂ ಕಡೆ ಒಪ್ಪಿಗೆಯಾಗಿದೆ, ಆದರೆ ಈ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ.

ನನ್ನನ್ನೇ ಯಾಕೆ ಕೇಳಿದರೆಂದು ನಿಮಗೆಲ್ಲ ಗೊತ್ತು. ನನ್ನ ಅಣ್ಣನಿಗೆ ಇಪ್ಪತ್ತೆರಡು ವರ್ಷಗಳಿಂದ ಇದೇ ಕಾಯಿಲೆ. ಆನೆಗೊಂದಿಯಲ್ಲಿ ಒಂದೇ ಮನೆಯಲ್ಲಿದ್ದೇವೆ, ಒಂದೇ ಒಲೆ. ಇದನ್ನು ಬರೆಯುವ ಮೊದಲು ಅವನನ್ನು ಕೇಳಿದೆ. “ಹೆಸರು ಹಾಕಬ್ಯಾಡ. ನೀರಿನ ಸುದ್ದಿ ಮಾತ್ರ ಬಿಡಬ್ಯಾಡ” ಅಂದ. ನೀರಿನ ಸುದ್ದಿಗೆ ಆಮೇಲೆ ಬರುತ್ತೇನೆ.

ಮೊದಲು ಹಿರಿಯರ ಪ್ರಶ್ನೆ. ಅದರಲ್ಲಿ ಸತ್ಯ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 1974ರಲ್ಲಿ ಅಮೆರಿಕದ ಫಿಲಿಪ್ ಹೋಲ್ಜ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವನ ಜೊತೆಗಾರರು ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ತೂಗಾಡುವ ಲೋಲಕವನ್ನು ಕಣ್ಣಿನಿಂದ ಹಿಂಬಾಲಿಸಲು ಹೇಳಿದರೆ, ಈ ಕಾಯಿಲೆಯಿದ್ದ ಬಹಳ ಜನರ ಕಣ್ಣು ಸರಾಗವಾಗಿ ಹೋಗದೆ ತಡವರಿಸುತ್ತಿತ್ತು. ವಿಚಿತ್ರ ಅದಲ್ಲ. ಕಾಯಿಲೆಯೇ ಇಲ್ಲದ ಅವರ ತಂದೆತಾಯಿ, ಒಡಹುಟ್ಟಿದವರಲ್ಲಿಯೂ ಅರ್ಧಕ್ಕೆ ಹತ್ತಿರ ಜನರ ಕಣ್ಣು ಹಾಗೆಯೇ ತಡವರಿಸಿತು. ಆಮೇಲಿನ ಐವತ್ತು ವರ್ಷಗಳಲ್ಲಿ ಇಂಥ ಪರೀಕ್ಷೆಗಳು ಬಹಳ ನಡೆದವು. ಕೇಳಿದ ಸಂಖ್ಯೆಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಹಿಂದುಮುಂದು ಮಾಡಿ ಹೇಳುವುದು, ಒಂದೇ ಕೆಲಸದ ಮೇಲೆ ಗಮನ ನಿಲ್ಲಿಸುವುದು, ಕತೆಯಲ್ಲಿ ಒಬ್ಬ ಇನ್ನೊಬ್ಬನ ಮನಸ್ಸನ್ನು ಎಲ್ಲಿ ತಪ್ಪು ತಿಳಿದ ಎಂದು ಗುರುತಿಸುವುದು. ಇವುಗಳಲ್ಲೆಲ್ಲ ಹತ್ತಿರದ ರಕ್ತಸಂಬಂಧಿಗಳ ಸರಾಸರಿ ಉಳಿದವರಿಗಿಂತ ಸ್ವಲ್ಪ ಕೆಳಗಿರುತ್ತದೆ, ಕಾಯಿಲೆಯವರಷ್ಟು ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಪರದೇಶದ ಕತೆಗಳು ನಮ್ಮ ಜನಕ್ಕೆ ಹೊಂದುವುದಿಲ್ಲವೆಂದು, ಇನ್ನೊಬ್ಬರ ಮನಸ್ಸನ್ನು ಓದುವ ಪರೀಕ್ಷೆಗಳನ್ನು ನಮ್ಮ ಕಡೆಯ ಬದುಕಿಗೆ ಹೊಂದುವಂತೆ ಮಾಡಿ 2011ರಲ್ಲಿ ಪ್ರಕಟಿಸಿದ್ದಾರೆ. ಒಂದೇ ಮನೆಯಲ್ಲಿ ಹಲವರಿಗೆ ಕಾಯಿಲೆಯಿರುವ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನವೂ ಅಲ್ಲಿ ನಡೆದಿದೆ. ಅದರಲ್ಲಿ ಕಾಯಿಲೆ ಇಲ್ಲದ ಒಡಹುಟ್ಟಿದವರನ್ನೂ ಕೂರಿಸಿ ಪರೀಕ್ಷಿಸುತ್ತಾರೆ.

ಇವೆಲ್ಲದರಲ್ಲಿ ನನ್ನ ಮನಸ್ಸಿನಲ್ಲಿ ಕೂತದ್ದು ಮಣಿಗಳ ಪರೀಕ್ಷೆ. ಎರಡು ಭರಣಿಗಳಿವೆ ಅಂದುಕೊಳ್ಳಿ. ಒಂದರಲ್ಲಿ 85 ಕೆಂಪು ಮಣಿ, 15 ಹಸಿರು ಮಣಿ. ಇನ್ನೊಂದರಲ್ಲಿ ತಿರುಗಾಮುರುಗಾ. ಯಾವ ಭರಣಿಯೆಂದು ತೋರಿಸದೆ ಒಂದೊಂದೇ ಮಣಿ ತೆಗೆದು ತೋರಿಸುತ್ತಾರೆ. ಎಷ್ಟು ಮಣಿ ಬೇಕಾದರೂ ಕೇಳಬಹುದು. ಖಾತ್ರಿಯಾದಾಗ ‘ಇದು ಇಂಥ ಭರಣಿ’ ಎಂದು ಹೇಳಬೇಕು. 1988ರಲ್ಲಿ ಲಂಡನ್ನಿನಲ್ಲಿ ಈ ಪರೀಕ್ಷೆ ಮಾಡಿದಾಗ, ಭ್ರಮೆಯ ನಂಬಿಕೆಗಳಿದ್ದವರು ಉಳಿದವರಿಗಿಂತ ಬಹಳ ಬೇಗ ತೀರ್ಪು ಕೊಟ್ಟರು. ಎಷ್ಟೋ ಜನ ಒಂದೆರಡು ಮಣಿಗೇ ಸಾಕೆಂದರು. ಇದಕ್ಕೆ ತೀರ್ಮಾನಕ್ಕೆ ಜಿಗಿಯುವುದು ಎಂದು ಹೆಸರಿಟ್ಟರು. ರಕ್ತಸಂಬಂಧಿಗಳನ್ನು ಕೂರಿಸಿದಾಗ ಕೆಲವು ಅಧ್ಯಯನಗಳಲ್ಲಿ ಅವರೂ ಸ್ವಲ್ಪ ಬೇಗನೆ ಜಿಗಿದರು, ಕೆಲವದರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿದ ರಾತ್ರಿ ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಮೊದಲ ಎರಡೂ ಮಣಿ ಕೆಂಪು ಬಂದರೆ, ಅದು ಕೆಂಪು ಹೆಚ್ಚಿರುವ ಭರಣಿಯೇ ಆಗಿರುವ ಸಂಭವ ನೂರಕ್ಕೆ 97! ಅಂದರೆ ಎರಡು ಮಣಿಗೆ ತೀರ್ಪು ಕೊಟ್ಟವನು ಲೆಕ್ಕದಲ್ಲಿ ದಡ್ಡನಲ್ಲ. ಏಳೆಂಟು ಮಣಿ ಕೇಳುವ ‘ಸರಿ ತಲೆಯವರೇ’ ಬೇಕಾದ್ದಕ್ಕಿಂತ ಹೆಚ್ಚು ಹಿಂಜರಿಯುತ್ತಾರೆ. ಹಾಗಾದರೆ ಇದನ್ನು ದೋಷ ಅನ್ನುವುದೇಕೆ? ನನಗೆ ತೋಚಿದ್ದು ಇಷ್ಟು. ಪರೀಕ್ಷೆಯ ಕೋಣೆಯಲ್ಲಿ ಭರಣಿಯೊಳಗೆ ಏನಿದೆಯೆಂದು ಮೊದಲೇ ಹೇಳಿರುತ್ತಾರೆ. ಬದುಕಿನಲ್ಲಿ ಯಾರೂ ಹೇಳಿರುವುದಿಲ್ಲ. ಭರಣಿ ಎರಡೇ ಇವೆ ಎಂಬುದೂ ಗೊತ್ತಿರುವುದಿಲ್ಲ. ಅಲ್ಲಿ ಎರಡು ಮಣಿ ನೋಡಿ ಜಿಗಿದವನು ಎಲ್ಲಿ ಬೀಳುತ್ತಾನೋ ಹೇಳಲಾಗದು.

ಈಗ ನೀರಿನ ಸುದ್ದಿ.

ನಮ್ಮದು ಎರಡು ಎಕರೆ ಭತ್ತದ ಗದ್ದೆ, ಕಾಲುವೆಯ ಬಾಲದ ಕಡೆ. ಮೇಲಿನವರಿಗೆ ಸಿಕ್ಕು ಉಳಿದ ನೀರು ನಮಗೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಅಣ್ಣ ಊಟಕ್ಕೆ ಕೂತಾಗ ಅಂದ: “ನಮ್ಮ ಪಾಳಿ ದಿನ ರಾತ್ರಿ ಯಾರೋ ನೀರು ತಿರುವಾಕತ್ತಾರ. ಟಾರ್ಚ್ ಹಿಡಕೊಂಡು ಬರ್ತಾರ.” ನಾನು ಹೂಂ ಅಂದೆ. ಮತ್ತೆ ಎರಡು ದಿನ ಬಿಟ್ಟು ಅದೇ ಮಾತು. ನಾನು ಅವನ ಮುಖ ನೋಡಿದೆ. ಕಣ್ಣು ಕೆಂಪಾಗಿತ್ತು, ರಾತ್ರಿ ಮಲಗಿರಲಿಲ್ಲ. ನನ್ನ ಮೊದಲ ಮಣಿ ಅದು. ಎರಡನೆಯದು ಹಳೆಯದು: ಕಾಯಿಲೆಯ ಮೊದಲ ವರ್ಷಗಳಲ್ಲಿ ಅವನು ಅವ್ವ ಅನ್ನದಲ್ಲಿ ಏನೋ ಬೆರೆಸುತ್ತಾಳೆಂದು ಎರಡು ತಿಂಗಳು ಮನೆಯಲ್ಲಿ ಉಂಡಿರಲಿಲ್ಲ. ಸಂಶಯ ಮತ್ತೆ ಶುರುವಾಯಿತು ಎಂದು ನಾನು ನಿರ್ಧರಿಸಿಬಿಟ್ಟೆ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ನನ್ನ ಮಾತಿನ ಮೇಲೆ ಅವರು ಗುಳಿಗೆ ಹೆಚ್ಚಿಸಿದರು. ಅಣ್ಣ ಹತ್ತು ದಿನ ಮಂಪರಿನಲ್ಲಿದ್ದ. ಚಹಾದ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ನೀರಿನ ಮಾತು ಆಡಲಿಲ್ಲ. ಗುಳಿಗೆ ಕೆಲಸ ಮಾಡಿತು ಎಂದು ನಾನು ಹೆಂಡತಿಗೆ ಹೇಳಿದೆ.

ಹದಿನೈದು ದಿನಕ್ಕೆ ಗದ್ದೆಯ ಕೆಳಗಿನ ಮಡಿ ಬಿರುಕು ಬಿಟ್ಟಿತು. ಪಾಳಿಯ ರಾತ್ರಿ ನಾನೇ ಹೋದೆ. ನಮ್ಮ ತೂಬಿಗೆ ಮಣ್ಣು ತುಂಬಿದ ಗೋಣಿಚೀಲ ಒತ್ತಿದ್ದರು. ಸ್ವಲ್ಪ ದೂರದಲ್ಲಿ ಟಾರ್ಚಿನ ಬೆಳಕು ಬದುವಿನ ಮೇಲೆ ಹೋಗುತ್ತಿತ್ತು. ಯಾರೆಂಬುದು ಇಲ್ಲಿ ಬೇಡ, ಆಮೇಲೆ ಊರಿನಲ್ಲಿ ಕೂತು ಬಗೆಹರಿಸಿಕೊಂಡೆವು. ಮನೆಗೆ ಬಂದು ಅಣ್ಣನಿಗೆ ಹೇಳಿದಾಗ ಅವನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ತಿರುವಿ ತೋರಿಸಿದ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಆರು ರಾತ್ರಿಗಳ ತಾರೀಖು, ಬೆಳಕು ಬಂದ ಹೊತ್ತು, ಹೋದ ಹೊತ್ತು.

ಅವನು ಆರು ಮಣಿ ನೋಡಿದ್ದ. ನಾನು ಎರಡು.

ಇದನ್ನು ಕೇಳಿ ‘ನೋಡಿ, ರೋಗಿಗಳೇ ಸರಿ, ಡಾಕ್ಟರು ಗುಳಿಗೆ ಎಲ್ಲ ಸುಳ್ಳು’ ಎಂದು ಯಾರೂ ಮುಂದೆ ಫಾರ್ವರ್ಡ್ ಮಾಡಬೇಡಿ. ಅನ್ನದಲ್ಲಿ ವಿಷವಿತ್ತೆಂಬುದು ಕಾಯಿಲೆಯೇ, ಅದನ್ನು ಇಳಿಸಿದ್ದು ಗುಳಿಗೆಯೇ. ಗುಳಿಗೆಯ ವಿಷಯದಲ್ಲಿಯೂ ನಮ್ಮ ಮನೆಯವರು ಜಿಗಿದಿದ್ದೆವು. ಒಮ್ಮೆ ಆರು ತಿಂಗಳು ಅವನು ಚೆನ್ನಾಗಿದ್ದ. ಚೆನ್ನಾಗಿದ್ದಾನೆ ಅಂದಮೇಲೆ ಗುಳಿಗೆ ಯಾಕೆ ಎಂದು ನಾವೇ ಬಿಡಿಸಿದೆವು. ಎರಡು ತಿಂಗಳು ಏನೂ ಆಗಲಿಲ್ಲ, ನಮ್ಮ ತರ್ಕ ಸರಿಯೆಂದು ಬೀಗಿದೆವು. ಮೂರನೇ ತಿಂಗಳು ಅವನು ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಇನ್ನು ಅವ್ವನ ವಿಚಾರ. ಅವಳ ತಮ್ಮ, ನನ್ನ ಸೋದರಮಾವ, ಹೀಗೇ ಇದ್ದನಂತೆ. 1986ರ ಮಳೆಗಾಲದಲ್ಲಿ ಮನೆ ಬಿಟ್ಟು ಹೋದವನು ಮರಳಲಿಲ್ಲ. ‘ಗಾಳಿ ಸೋಂಕು’ ಎಂಬುದಕ್ಕಿಂತ ಬೇರೆ ಹೆಸರು ಆ ಕಾಯಿಲೆಗೆ ಮನೆಯಲ್ಲಿ ಯಾರೂ ಇಡಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 1985ರಲ್ಲಿ, ಹೊಳೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಈ ಕಾಯಿಲೆಗೆ ಔಷಧ ಸಿಗುವಂತೆ ಮಾಡಲು ಹೊರಟಿದ್ದರು. 1996ರಿಂದ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಾವು ಆಗ ರಾಯಚೂರು ಜಿಲ್ಲೆ. ಹಂಪಿ ಕಣ್ಣಿಗೆ ಕಾಣುತ್ತದೆ, ನಡುವೆ ತುಂಗಭದ್ರೆ.

ತಮ್ಮನನ್ನು ಕಂಡ ಅವ್ವ ಮಗನಲ್ಲಿಯೂ ಅದನ್ನೇ ಕಂಡಮೇಲೆ ಅವಳ ಯೋಚನೆ ಒಂದೇ ಕಾಲುವೆಯಲ್ಲಿ ಹರಿಯತೊಡಗಿತು. ಬಸುರಿದ್ದಾಗ ಗ್ರಹಣದ ದಿನ ಕುಡಗೋಲು ಮುಟ್ಟಿದ್ದು, ಕೂಸಿದ್ದಾಗ ಅಣ್ಣ ಮಂಚದಿಂದ ಬಿದ್ದದ್ದು, ಒಮ್ಮೆ ಸಿಟ್ಟಿನಲ್ಲಿ ಶಾಪ ಹಾಕಿದ್ದು, ಎಲ್ಲವನ್ನೂ ಎಣಿಸಿ ಎಣಿಸಿ ತನ್ನ ತಲೆಗೇ ಕಟ್ಟಿಕೊಂಡಳು. ನನ್ನನ್ನೂ ಬಿಡಲಿಲ್ಲ. ಸಂಜೆ ನಾನು ಕಟ್ಟೆಯ ಮೇಲೆ ಸುಮ್ಮನೆ ಕೂತರೆ ಬಂದು ಹಣೆ ಮುಟ್ಟುತ್ತಿದ್ದಳು. ‘ಧ್ಯಾನ ಮಾಡಾಕತ್ತೀನವ್ವ’ ಅಂದರೆ ಇನ್ನೂ ಹೆದರುತ್ತಿದ್ದಳು. ಈಗ ನಗು ಬರುತ್ತದೆ. ಆದರೆ ಅವಳು ಹಣೆ ಮುಟ್ಟಿದ ಪ್ರತಿ ಸಲವೂ ನಾನೂ ಒಳಗೊಳಗೆ ನನ್ನನ್ನು ಮುಟ್ಟಿ ನೋಡಿಕೊಂಡಿದ್ದೇನೆ. ಯಾರೋ ಹೆಸರು ಹಿಡಿದು ಕರೆದಂತೆ ಕೇಳಿ ತಿರುಗಿ ನೋಡಿದಾಗ ಯಾರೂ ಇಲ್ಲದಿದ್ದರೆ ನಿಮಗೆ ಅದು ಅಷ್ಟೇ. ನನಗೆ ಅದು ಎರಡು ದಿನದ ನಿದ್ದೆ.

ಅವ್ವ ತನ್ನ ತಲೆಗೆ ಕಟ್ಟಿಕೊಂಡದ್ದನ್ನೇ ದೊಡ್ಡ ದೊಡ್ಡ ವಿದ್ವಾಂಸರೂ ತಾಯಂದಿರ ತಲೆಗೆ ಕಟ್ಟಿದ್ದರು. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಹೆಸರಾಂತ ವೈದ್ಯೆ, ಈ ಕಾಯಿಲೆಯನ್ನು ಹುಟ್ಟಿಸುವ ತಾಯಿ ಎಂಬ ಅರ್ಥದ ಮಾತನ್ನು ಬಳಕೆಗೆ ತಂದರು. ಮುಂದಿನ ದಶಕದಲ್ಲಿ ಯೇಲ್‌ನ ಥಿಯೋಡರ್ ಲಿಡ್ಜ್ ಕೆಲವೇ ಕುಟುಂಬಗಳನ್ನು ಆಳವಾಗಿ ನೋಡಿ, ತಂದೆತಾಯಿಯ ಅಸಂಬದ್ಧ ಯೋಚನೆಯೇ ಮಕ್ಕಳಿಗೆ ದಾಟುತ್ತದೆ ಎಂದರು. ತಾಯಿ ಗಾಬರಿಯಾಗಿ ಮಾತಾಡುವುದನ್ನು ಕಂಡರು, ಆ ಗಾಬರಿ ಮಗನ ಕಾಯಿಲೆಯಿಂದ ಬಂದಿರಬಹುದೆಂದು ಸಾಕಷ್ಟು ಯೋಚಿಸಲಿಲ್ಲ. ಕೆಲವು ಮಣಿ ನೋಡಿ ಇಡೀ ಭರಣಿಯ ಬಣ್ಣ ಹೇಳಿದರು. ಒಂದೆರಡು ತಲೆಮಾರಿನ ತಾಯಂದಿರು ಆ ತೀರ್ಪನ್ನು ಹೊತ್ತು ಬದುಕಿದರು. ಮನೆಯವರ ಮಾತಿಗೂ ಕಾಯಿಲೆಗೂ ಸಂಬಂಧವೇ ಇಲ್ಲ ಎಂದಲ್ಲ. ಮನೆಯಲ್ಲಿ ಸದಾ ಟೀಕೆ, ಹಗೆತನ ಇದ್ದರೆ ಗುಣವಾದವರು ಮತ್ತೆ ಬೇಗ ಹಾಸಿಗೆ ಹಿಡಿಯುತ್ತಾರೆಂದು ಇಂಗ್ಲೆಂಡಿನಲ್ಲಿ ಕಂಡುಕೊಂಡರು. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ನಮ್ಮ ದೇಶದ ಮನೆಗಳಲ್ಲಿ ಅಂಥ ಟೀಕೆ ಅಲ್ಲಿಗಿಂತ ಕಡಿಮೆಯಿತ್ತು. ಅಂದರೆ ಮನೆಯವರ ಮಾತು ಮತ್ತೆ ಮರುಕಳಿಸುವುದಕ್ಕೆ ಕಾರಣವಾಗಬಹುದು, ಕಾಯಿಲೆಯನ್ನು ಹುಟ್ಟಿಸುವುದೇ ಬೇರೆ. ಅವ್ವನಿಗೆ ಈ ವ್ಯತ್ಯಾಸ ಯಾರೂ ಹೇಳಲಿಲ್ಲ.

ನಾವು ಮಧುಪಿಂಡಿಕ ಸುತ್ತ ಓದಿದಾಗ ‘ಪಪಂಚ’ದ ಬಗ್ಗೆ ಮಾತಾಡಿದ್ದು ನೆನಪಿದೆಯಲ್ಲ. ಕಣ್ಣಿಗೆ ರೂಪ ತಾಗುತ್ತದೆ, ವೇದನೆ ಹುಟ್ಟುತ್ತದೆ, ಗುರುತಿಸುತ್ತೇವೆ, ಯೋಚಿಸುತ್ತೇವೆ, ಆ ಯೋಚನೆ ಬಳ್ಳಿಯಂತೆ ಹಬ್ಬಿ ಕೊನೆಗೆ ಹಬ್ಬಿಸಿದವನನ್ನೇ ಸುತ್ತಿಕೊಳ್ಳುತ್ತದೆ. ಬುದ್ಧ ಇದನ್ನು ಹುಚ್ಚರ ಮನಸ್ಸಿನ ವರ್ಣನೆಯಾಗಿ ಹೇಳಲಿಲ್ಲ. ಎಲ್ಲರ ಮನಸ್ಸಿನ ವರ್ಣನೆಯಾಗಿ ಹೇಳಿದ. ಅಣ್ಣನ ಅನ್ನದ ತಟ್ಟೆಯಿಂದ ವಿಷದ ಕತೆ ಹಬ್ಬಿತು, ಅವನ ಕೆಂಪು ಕಣ್ಣಿನಿಂದ ನನ್ನ ಕತೆ ಹಬ್ಬಿತು. ಯಂತ್ರ ಒಂದೇ, ಅವನದು ನಿಲ್ಲಿಸಲಾಗದ ವೇಗದಲ್ಲಿ ಓಡುತ್ತದೆ. ಅವನ ಯಂತ್ರಕ್ಕೆ ಔಷಧ ಬೇಕು. ಆದರೆ ನನ್ನದಕ್ಕೆ ತಪಾಸಣೆಯೇ ಬೇಡವೆಂದು ನಾನು ಇಪ್ಪತ್ತು ವರ್ಷ ನಂಬಿದ್ದೆ.

ಮನಸ್ಸು ಕೆಟ್ಟವರ ಮಾತು ಬಂದಾಗ ಎಲ್ಲರೂ ಪಟಾಚಾರೆಯ ಕತೆ ಹೇಳುತ್ತಾರೆ. ವಿನಯಪಿಟಕದ ಗಗ್ಗನ ಕತೆ ಹೇಳುವವರು ಕಡಿಮೆ. ಗಗ್ಗ ಎಂಬ ಭಿಕ್ಷುವಿಗೆ ಬುದ್ಧಿಭ್ರಮಣೆಯಾಗಿತ್ತು. ಉಪೋಸಥದ ದಿನ ಅವನಿಗೆ ಕೆಲವೊಮ್ಮೆ ನೆನಪಿರುತ್ತಿತ್ತು, ಕೆಲವೊಮ್ಮೆ ಇಲ್ಲ; ಒಮ್ಮೆ ಬರುತ್ತಿದ್ದ, ಒಮ್ಮೆ ಬರುತ್ತಿರಲಿಲ್ಲ. ಗಗ್ಗನಿಗೆ ನೆನಪಿರಲಿ ಇಲ್ಲದಿರಲಿ, ಅವನು ಬರಲಿ ಬಾರದಿರಲಿ, ಸಂಘ ತನ್ನ ಕೆಲಸ ನಡೆಸಬಹುದೆಂದು ಸಭೆಯಲ್ಲಿ ಒಪ್ಪಿಗೆ ಪಡೆಯುವಂತೆ ಬುದ್ಧ ಹೇಳಿದ. ಅವನನ್ನು ಹೊರಹಾಕಲಿಲ್ಲ, ಅವನಿಗಾಗಿ ಎಲ್ಲವನ್ನೂ ನಿಲ್ಲಿಸಲೂ ಇಲ್ಲ. ಮುಂದೆ ಗಗ್ಗ ಗುಣವಾದ. ಆಗ ಕೆಲವರು, ಹುಚ್ಚಿನಲ್ಲಿದ್ದಾಗ ನೀನು ಹೀಗೆ ಮಾಡಿದೆ, ನೆನಪಿದೆಯಾ ಎಂದು ಅವನನ್ನು ಚುಚ್ಚತೊಡಗಿದರು. ನನಗೆ ಬುದ್ಧಿ ನೆಟ್ಟಗಿರಲಿಲ್ಲ, ನೆನಪಿಲ್ಲ ಎಂದರೂ ಬಿಡಲಿಲ್ಲ. ಅದಕ್ಕಾಗಿ ‘ಅಮೂಳ್ಹ ವಿನಯ’ ಎಂಬ ತೀರ್ಪಿನ ಕ್ರಮ ಬಂತು. ಬುದ್ಧಿ ಕೆಟ್ಟ ಕಾಲದ ಆರೋಪಗಳನ್ನು ಅವನ ಮೇಲೆ ಹೊರಿಸುವಂತಿಲ್ಲ. ಆದರೆ ಅದೇ ಜಾಗದಲ್ಲಿ ಇನ್ನೊಂದು ಮಾತೂ ಇದೆ. ನೆನಪಿದ್ದೂ ಇಲ್ಲವೆನ್ನುವವನಿಗೆ, ಹುಚ್ಚಿನ ನಟನೆ ಮಾಡುವವನಿಗೆ ಈ ರಕ್ಷಣೆ ಇಲ್ಲ. ಅಂದರೆ ಸಂಘ ಪ್ರತಿ ಸಲ ಕೂತು ಕೇಳಲೇಬೇಕು, ಈ ಮಾತು ಕಾಯಿಲೆಯದೋ ಮನುಷ್ಯನದೋ ಎಂದು. ಒಮ್ಮೆ ಹುಚ್ಚನಾದವನು ಯಾವಾಗಲೂ ಹುಚ್ಚ ಎಂಬ ಸುಲಭದ ದಾರಿ ಮುಚ್ಚಿದೆ.

ಗಗ್ಗನ ಸಂಘದಲ್ಲಿ ನಾನಿದ್ದಿದ್ದರೆ ಚುಚ್ಚುವವರ ಗುಂಪಿನಲ್ಲಿ ಇರುತ್ತಿದ್ದೆನೇನೋ. ನೀರಿನ ಸಂಗತಿ ಡಾಕ್ಟರಿಗೆ ತಿಳಿಸಿದಾಗ ಅವರು ಗುಳಿಗೆ ಮೊದಲಿನಷ್ಟಕ್ಕೆ ಇಳಿಸಿ ಒಂದೇ ಮಾತು ಹೇಳಿದರು: “ಇನ್ನು ಮುಂದೆ ಫೋನ್ ಬೇಡ. ಅವರನ್ನೇ ಕರೆದುಕೊಂಡು ಬನ್ನಿ, ಅವರೇ ಹೇಳಲಿ.”

ಈ ಯುಗಾದಿಗೆ ಮಗಳು ಧಾರವಾಡದ ಹಾಸ್ಟೆಲಿನಿಂದ ಬಂದಿದ್ದಳು. ಹೋಳಿಗೆ ತಟ್ಟುತ್ತಿದ್ದವಳು ತಲೆ ಎತ್ತದೆ ಕೇಳಿದಳು, “ಅಪ್ಪಾ, ದೊಡ್ಡಪ್ಪನ ಹಂಗ ನನಗೂ ಆಗತೈತೇನು?” ಅಡುಗೆಮನೆಯಲ್ಲಿ ಎಲ್ಲರ ಕೈ ನಿಂತಿತು. ನಾನು ಗೊತ್ತಿದ್ದ ಲೆಕ್ಕ ಹೇಳಿದೆ. ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆಂದು ಹಳೆಯ ಅಂದಾಜು. ಒಡಹುಟ್ಟಿದವರಿಗೆ ಇದ್ದರೆ ನೂರಕ್ಕೆ ಸುಮಾರು ಒಂಬತ್ತು, ದೊಡ್ಡಪ್ಪ, ಸೋದರಮಾವನಿಗೆ ಇದ್ದರೆ ಮೂರೋ ನಾಲ್ಕೋ. ನಿನ್ನಂಥ ನೂರು ಹುಡುಗಿಯರಲ್ಲಿ ತೊಂಬತ್ತಾರು ಜನಕ್ಕೆ ಬರುವುದಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನಿನಗ ನನಗಿಂತ ಹೆಚ್ಚು” ಅಂದಳು. ಹೌದು ಅಂದೆ. ಈ ಕಾಯಿಲೆ ಬಹುಪಾಲು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ ತೋರುತ್ತದೆ, ನಾನು ಆ ಹೊಳೆ ದಾಟಿದ್ದೇನೆ, ನೀನು ನಡುನೀರಿನಲ್ಲಿದ್ದೀಯ, ಅದಕ್ಕೇ ಕೇಳುತ್ತಿದ್ದೀಯ ಎಂದು ಗೊತ್ತು, ಎಂಬುದನ್ನು ಹೇಳಲಿಲ್ಲ. ನಿದ್ದೆ ಕೆಟ್ಟರೆ, ಮನಸ್ಸಿಗೆ ಏನಾದರೂ ವಿಚಿತ್ರ ಅನ್ನಿಸಿದರೆ ನಾಚಿಕೊಳ್ಳದೆ ನನಗೆ ಹೇಳು, ನನಗೆ ಹೇಳಲಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು ಎಂದೆ. ಗಾಂಜಾ ಗೀಂಜಾ ಸೇದುವ ಗೆಳೆಯರಿದ್ದರೆ ದೂರ ಇರು, ಅದು ಇಂಥ ಮನೆತನದವರಿಗೆ ಹೆಚ್ಚು ಕೆಡುಕು ಎಂದೂ ಹೇಳಿದೆ. ‘ಯಪ್ಪಾ!’ ಎಂದು ಕೈಯಲ್ಲಿದ್ದ ಹಿಟ್ಟಿನ ಉಂಡೆ ತೋರಿಸಿ ನಕ್ಕಳು.

ಪಾಲ್ಕಿಗುಂಡಿನ ಹಿರಿಯರಿಗೆ ಅವತ್ತು ನಾನು ಉತ್ತರ ಕೊಟ್ಟಿರಲಿಲ್ಲ, ಈಗ ಕೊಡುತ್ತೇನೆ. ಹೌದು ಸರ, ನಮ್ಮಂಥವರ ಸರಾಸರಿಯಲ್ಲಿ ಒಂದು ಸಣ್ಣ ವಾಲಿಕೆ ಇದೆ. ಆದರೆ ಸರಾಸರಿ ಹಸೆಮಣೆ ಮೇಲೆ ಕೂರುವುದಿಲ್ಲ. ಅಂಥ ಮನೆಗಳ ಬಹಳಷ್ಟು ಮಂದಿಯ ಅಂಕ ಉಳಿದವರ ಅಂಕದೊಂದಿಗೆ ಬೆರೆತುಹೋಗಿರುತ್ತದೆ. ಸ್ವೀಡನ್ನಿನಲ್ಲಿ ಮೂರು ಲಕ್ಷ ರೋಗಿಗಳ ದಾಖಲೆ ತೆಗೆದು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕಿಜೋಫ್ರೇನಿಯಾ ಇದ್ದವರ ಆರೋಗ್ಯವಂತ ಒಡಹುಟ್ಟಿದವರು ಕಲೆ, ವಿಜ್ಞಾನದಂಥ ಸೃಜನಶೀಲ ಕೆಲಸಗಳಲ್ಲಿ ಉಳಿದವರಿಗಿಂತ ಹೆಚ್ಚಿಗೆ ಕಂಡರು. ಅದನ್ನೂ ಹುಡುಗಿಗೆ ಅಂಟಿಸಬೇಡಿ, ಅದೂ ಸರಾಸರಿಯೇ. ಅವರ ಮನೆಯವರು ಅಣ್ಣನ ಕಾಯಿಲೆ ಮುಚ್ಚಿಡದೆ ಹೇಳಿದರು. ನಿಮ್ಮ ಕಡೆಯಿಂದ ನೀವು ಏನೇನು ಹೇಳಿದ್ದೀರಿ? ಹುಡುಗಿಯ ಹತ್ತಿರ ಕೂತು ಎರಡು ಸಲವಲ್ಲ, ಆರು ಸಲ ಮಾತಾಡಲಿ ನಿಮ್ಮ ಮೊಮ್ಮಗ. ಇದನ್ನು ಖಾಸಗಿಯಾಗಿ ಹೇಳದೆ ಬಳಗದಲ್ಲೇ ಬರೆಯುತ್ತಿರುವುದಕ್ಕೆ ಸಿಟ್ಟಾಗಬೇಡಿ. ನಿಮ್ಮ ಹೆಸರು ನಾನು ಹೇಳಿಲ್ಲ. ಕೇಳಬೇಕೆಂದು ಕೇಳದೆ ಇರುವವರು ಇಲ್ಲಿ ಇನ್ನೂ ನಾಲ್ಕು ಜನ ಇರಬಹುದು.

ಹೋದ ವಾರ ನೀರಿನ ಪಾಳಿ ರಾತ್ರಿ ಒಂದು ಗಂಟೆಗಿತ್ತು. ಅಣ್ಣ, ನಾನು ಇಬ್ಬರೂ ಹೋಗಿದ್ದೆವು. ತೂಬಿನ ಹತ್ತಿರ ಕೂತಾಗ ಅವನು ತಲೆ ವಾಲಿಸಿ ಏನೋ ಆಲಿಸಿದ.

“ಯಾರೋ ಮಾತಾಡಾಕತ್ತಾರ.”

ನಾನೂ ಕಿವಿಗೊಟ್ಟೆ. ಕಪ್ಪೆ, ನೀರು, ದೂರದಲ್ಲಿ ಗಂಗಾವತಿ ಕಡೆ ಹೋಗುವ ಲಾರಿ.

“ನನಗ ಕೇಳವಲ್ದು ಅಣ್ಣ. ಏನಂತಾರ?”

ಅವನು ಸ್ವಲ್ಪ ಹೊತ್ತು ಕೇಳಿ, “ನನ್ನ ಸುದ್ದಿನ. ದಿನಾ ಇದ್ದದ್ದ” ಎಂದು ಕೈ ಬೀಸಿದ. ಆಮೇಲೆ ಟಾರ್ಚ್ ನನ್ನ ಕೈಗೆ ಕೊಟ್ಟು, “ಅದು ಬಿಡು ತಮ್ಮಾ. ಮ್ಯಾಲಿನ ಬದುವಿನ ಮ್ಯಾಲೆ ಬೆಳಕು ಐತಿ ನೋಡು, ಅದು ನಿನಗೂ ಕಾಣತೈತಿಲ್ಲೋ?” ಅಂದ.

ಕಾಣುತ್ತಿತ್ತು. ಇಬ್ಬರೂ ಎದ್ದು ಆ ಕಡೆ ನಡೆದೆವು.